ನಿಂತ ಗಡಿಯಾರ ನಡೆಸುವ ಪಾಠ
(ಇಯತ್ತೆ 7ರಿಂದ 9; ಕಾರ್ಯಾನುಭವ, ವಿಜ್ಞಾನ ಹಾಗೂ ಭಾಷಾ ತಾಸಿಕೆಗಳಿಗಾಗಿ)

ದೇವಣಿ, ಉದಗೀರ, ನಿಲಂಗಾ, ಉಮರಗಾ ಭಾಗದ ಹಳೆಯ ಮನೆಗಳಲ್ಲಿ ಕಟ್ಟಿಗೆಯ ಪೆಟ್ಟಿಗೆಯೊಳಗೆ ಲೋಲಕ ತೂಗುವ ಗೋಡೆಗಡಿಯಾರವು ಒಂದು ಕಾಲಕ್ಕೆ ಪಡಸಾಲೆಯ ಗೌರವದ ವಸ್ತುವಾಗಿತ್ತು. ಬ್ಯಾಟರಿಯ ಗಡಿಯಾರ ಬಂದ ಮೇಲೆ ಅದು ಅಟ್ಟವೇರಿತು. ಅಟ್ಟದಿಂದ ಹಳೆಯ ಸಾಮಾನು ಕೊಳ್ಳುವವನ ಕೈಗಾಡಿಗೆ ಇಳಿಯಿತು. ಆ ಗಾಡಿಯವನು ಓಣಿಯಲ್ಲಿ ಕೂಗುವ ಮಾತು ‘ಭಂಗಾರ’. ಮರಾಠಿಯ ಭಂಗಾರವೆಂದರೆ ಗುಜರಿ, ಕನ್ನಡದ ಬಂಗಾರವೆಂದರೆ ಚಿನ್ನ. ನಡುವೆ ಇರುವುದು ಒಂದು ಮಹಾಪ್ರಾಣ ಮಾತ್ರ. ಎರಡೂ ಭಾಷೆಗಳನ್ನು ಕಿವಿಯಲ್ಲಿಟ್ಟುಕೊಂಡು ಬೆಳೆಯುವ ನಮ್ಮ ಮಕ್ಕಳಿಗೆ ಈ ಪಾಠವನ್ನು ಆ ಒಂದು ಅಕ್ಷರದಿಂದಲೇ ಆರಂಭಿಸಬಹುದು.

ಗಡಿಯಾರ ದುರಸ್ತಿಯ ವೃತ್ತಿಯನ್ನು ಕಲಿಸುವುದು ಇಲ್ಲಿಯ ಉದ್ದೇಶವಲ್ಲ. ನಿಂತುಹೋದ ಯಂತ್ರದೆದುರು ಕುಳಿತು ‘ಇದು ಏಕೆ ನಿಂತಿದೆ?’ ಎಂದು ಕಾರಣ ಹುಡುಕುವುದು, ಕಾರಣ ಸಿಕ್ಕ ಮೇಲೆ ಅಷ್ಟಕ್ಕೆ ಮಾತ್ರ ಕೈಹಾಕುವುದು, ಇವೆರಡನ್ನು ವಿದ್ಯಾರ್ಥಿಗಳಿಂದ ಮಾಡಿಸುವುದು ಉದ್ದೇಶ. ಹೊಸಬರು ಗಡಿಯಾರವನ್ನು ಕೆಡಿಸುವುದು ಹೆಚ್ಚಾಗಿ ಅಜ್ಞಾನದಿಂದಲ್ಲ, ಉತ್ಸಾಹದಿಂದ. ಬಿಚ್ಚಬೇಕಾಗಿಲ್ಲದ್ದನ್ನು ಬಿಚ್ಚುತ್ತಾರೆ, ಉಜ್ಜಬಾರದ್ದನ್ನು ಉಜ್ಜುತ್ತಾರೆ, ಎಣ್ಣೆ ಸುರಿಯುತ್ತಾರೆ.

ಗಡಿಯಾರದ ಆಯ್ಕೆ

ಶಾಲೆಯ ಸಾಮಾನಿನ ಕೋಣೆಯಲ್ಲಿಯೋ ವಿದ್ಯಾರ್ಥಿಯೊಬ್ಬನ ಮನೆಯಲ್ಲಿಯೋ ಚಾವಿ ಕೊಟ್ಟು ನಡೆಸುವ ಗೋಡೆಗಡಿಯಾರ ಸಿಕ್ಕಿತೆನ್ನೋಣ. ಮುಖದ ಮೇಲೆ ಚಾವಿಯ ರಂಧ್ರಗಳು ಎರಡಿದ್ದರೆ ಅದು ಗಂಟೆ ಹೊಡೆಯುವ ಗಡಿಯಾರ. ಸಾಮಾನ್ಯವಾಗಿ ಬಲಗಡೆಯದು ನಡೆಯುವುದಕ್ಕೆ, ಎಡಗಡೆಯದು ಹೊಡೆಯುವುದಕ್ಕೆ. ಲೋಲಕ ಮತ್ತು ಚಾವಿ ಜೊತೆಯಲ್ಲಿವೆಯೇ ನೋಡಬೇಕು. ಕಟ್ಟಿಗೆಗೆ ಗೆದ್ದಲು ಹಿಡಿದಿದ್ದರೆ ಬೇರೆ ಪೀಠೋಪಕರಣದಿಂದ ದೂರ ಇಡಬೇಕು. ಕೈಗಡಿಯಾರವನ್ನು ಈ ಪಾಠಕ್ಕೆ ಆರಿಸಬಾರದು. ಅದರ ಭಾಗಗಳು ಎಳೆಯ ಕಣ್ಣು ಕೈಗಳಿಗೆ ಬಹಳ ಸಣ್ಣವು. ಕತ್ತಲೆಯಲ್ಲಿ ಹೊಳೆಯುವ ಅಂಕಿಗಳುಳ್ಳ ಹಳೆಯ ಅಲಾರಾಮು ಗಡಿಯಾರವನ್ನಂತೂ ತೆರೆಯಲೇಬಾರದು. ಹಿಂದೆ ಆ ಹೊಳಪಿಗೆ ರೇಡಿಯಂ ಬೆರೆಸಿದ ಬಣ್ಣ ಬಳಿಯುತ್ತಿದ್ದರು. ಹೊಳಪು ಆರಿದ್ದರೂ ರೇಡಿಯಂ ಆರಿರುವುದಿಲ್ಲ. ಉದುರುವ ಬಣ್ಣದ ಪುಡಿ ಉಸಿರಿನೊಡನೆ ಒಳಗೆ ಹೋಗುವುದು ಅಪಾಯ.

ಮುಳ್ಳು ತಿರುಗಿಸುವ ಮುನ್ನ

ಗಡಿಯಾರ ಕೈಗೆ ಬಂದೊಡನೆ ಮಕ್ಕಳು ಮೊದಲು ಮುಳ್ಳುಗಳನ್ನು ತಿರುಗಿಸುತ್ತಾರೆ. ಇದನ್ನು ತಡೆಯಬೇಕು. ಮೊದಲನೆಯ ತಾಸಿಕೆ ಪೂರ್ತಿಯಾಗಿ ಕೇಳುವುದಕ್ಕೂ ಬರೆಯುವುದಕ್ಕೂ ಮೀಸಲಾಗಿರಲಿ. ಗಡಿಯಾರ ಯಾರ ಮನೆಯದು, ಯಾರು ತಂದರು, ಯಾರು ಚಾವಿ ಕೊಡುತ್ತಿದ್ದರು, ಎಂದಿನಿಂದ ನಿಂತಿದೆ, ನಿಂತ ಮೇಲೆ ಯಾರಾದರೂ ಮುಟ್ಟಿದ್ದಾರೆಯೇ, ಈ ಪ್ರಶ್ನೆಗಳನ್ನು ಮನೆಯ ಹಿರಿಯರಲ್ಲಿ ಕೇಳಿ ವಿದ್ಯಾರ್ಥಿಗಳು ಬರೆದುಕೊಂಡು ಬರಬೇಕು.

ನಮ್ಮ ಭಾಗದಲ್ಲಿ ಈ ವಿಚಾರಣೆಗೆ ಇನ್ನೊಂದು ಕಾರಣವೂ ಉಂಟು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಸುಮಾರು 3 ಗಂಟೆ 56 ನಿಮಿಷಕ್ಕೆ ಕಿಲ್ಲಾರಿಯ ಭೂಕಂಪ ಸಂಭವಿಸಿತು. ಔಸಾ ಮತ್ತು ಉಮರಗಾ ತಾಲೂಕುಗಳ ಹಳ್ಳಿಗಳು ನೆಲಸಮವಾದವು; ಕಲ್ಲು ಮಣ್ಣಿನ ಗೋಡೆಗಳ ಕೆಳಗೆ ಸಾವಿರಾರು ಜನ ಮಡಿದರು. ಗೋಡೆ ಅಲುಗಿದರೆ ಲೋಲಕದ ತೂಗಾಟ ಕೆಟ್ಟು ಗಡಿಯಾರ ನಿಲ್ಲುವುದು ಸಹಜ. ಅಂತಹ ಮನೆಯಿಂದ ಬಂದ ಗಡಿಯಾರದ ಮುಳ್ಳುಗಳು ನಿಂತ ಜಾಗವೇ ಆ ಮನೆಯವರಿಗೆ ಒಂದು ದಾಖಲೆಯಾಗಿರಬಹುದು. ಅದನ್ನು ನಡೆಸಬೇಕೋ, ಹಾಗೆಯೇ ಬಿಡಬೇಕೋ ಎಂಬುದನ್ನು ನಿರ್ಧರಿಸುವವರು ಮನೆಯವರು, ಶಿಕ್ಷಕರಲ್ಲ. ಬಿಡಬೇಕೆಂದು ಅವರು ಹೇಳಿದರೆ ಧೂಳು ಒರೆಸಿ, ಚಿತ್ರ ಬರೆದುಕೊಂಡು, ಗಡಿಯಾರವನ್ನು ಮರಳಿಸಿ, ಪಾಠಕ್ಕೆ ಬೇರೊಂದನ್ನು ಹುಡುಕಬೇಕು. ವಸ್ತುವನ್ನು ಸರಿಪಡಿಸುವುದೇ ಯಾವಾಗಲೂ ಅದಕ್ಕೆ ತೋರುವ ಮರ್ಯಾದೆಯೆಂದು ಈ ಲೇಖನವು ತಿಳಿಯುವುದಿಲ್ಲ.

ಒಪ್ಪಿಗೆ ದೊರೆತರೆ ಮುಂದಿನ ಹೆಜ್ಜೆ ಚಿತ್ರಲೇಖನ. ಮುಖ, ಪೆಟ್ಟಿಗೆ, ಲೋಲಕ, ತಿರುಪುಮೊಳೆಗಳು ಇದ್ದ ಹಾಗೆಯೇ ವಹಿಯಲ್ಲಿ ಮೂಡಬೇಕು. ಮೊಬೈಲಿನಲ್ಲಿ ಛಾಯಾಚಿತ್ರವನ್ನೂ ತೆಗೆದಿಡಬಹುದು. ಆದರೆ ಕೈಯಿಂದ ಬರೆಯುವಾಗ ಕಣ್ಣು ನೋಡುವಷ್ಟನ್ನು ಮೊಬೈಲು ನೋಡಿಸುವುದಿಲ್ಲ. ರೋಮನ್ ಅಂಕಿಗಳ ಮುಖವಾಗಿದ್ದರೆ ನಾಲ್ಕನ್ನು ಪುಸ್ತಕದಲ್ಲಿರುವಂತೆ ಬರೆಯದೆ ನಾಲ್ಕು ನೆಟ್ಟಗೆರೆಗಳಿಂದ ಬರೆದಿರುವುದು ಚಿತ್ರ ಬರೆಯುವವನ ಕಣ್ಣಿಗೆ ತಾನಾಗಿ ಬೀಳುತ್ತದೆ.

ಸುರುಳಿಯ ಅಪಾಯ

ಪೆಟ್ಟಿಗೆಯೊಳಗೆ ಎರಡು ಹಿತ್ತಾಳೆಯ ಹಲಗೆಗಳ ನಡುವೆ ಹಲ್ಲುಗಾಲಿಗಳು ಕುಳಿತಿರುತ್ತವೆ. ಅವನ್ನು ತಿರುಗಿಸುವ ಬಲವೆಲ್ಲ ಉಕ್ಕಿನ ಪಟ್ಟಿಯ ಸುರುಳಿಯಲ್ಲಿದೆ; ವಾಡಿಕೆಯ ಮಾತಿನಲ್ಲಿ ಸ್ಪ್ರಿಂಗು. ವಾರವಿಡೀ ಗಡಿಯಾರ ನಡೆಸುವಷ್ಟು ಶಕ್ತಿ ಚಾವಿಯ ಕೆಲವು ಸುತ್ತುಗಳಲ್ಲಿ ಅದರೊಳಗೆ ಸೇರಿರುತ್ತದೆ. ಬಿಗಿದಿರುವಾಗಲೇ ಹಲಗೆಗಳನ್ನು ಬಿಚ್ಚಿದರೆ ಆ ಶಕ್ತಿ ಒಮ್ಮೆಲೇ ಹೊರಬಿದ್ದು ಹಲ್ಲುಗಳನ್ನು ಮುರಿಯುತ್ತದೆ, ಬೆರಳನ್ನೂ ಕತ್ತರಿಸಬಲ್ಲುದು. ಆದುದರಿಂದ ಎರಡು ಕಟ್ಟುನಿಟ್ಟಿನ ನಿಯಮಗಳಿವೆ. ಶಾಲೆಯಲ್ಲಿ ಹಲಗೆಗಳನ್ನು ಎಂದೂ ಬೇರ್ಪಡಿಸಬಾರದು. ಸುರುಳಿಯ ಬಿಗಿಯನ್ನು ಸಡಿಲಿಸುವ ಕೆಲಸವನ್ನು ಅನುಭವವುಳ್ಳ ಗಡಿಯಾರ ರಿಪೇರಿಯವರಿಂದಲೇ ಮಾಡಿಸಬೇಕು. ಉದಗೀರದಂತಹ ಪೇಟೆಯಲ್ಲಿ ಈ ಕಸುಬು ಬಲ್ಲ ಹಿರಿಯರು ಸಿಕ್ಕರೆ ಅವರನ್ನು ಒಂದು ತಾಸಿಕೆಗೆ ಶಾಲೆಗೆ ಕರೆಯುವುದು ಉತ್ತಮ. ಪಠ್ಯಪುಸ್ತಕ ಕೊಡಲಾರದ ಪಾಠ ಅವರ ಕೈಗಳಲ್ಲಿದೆ, ಮತ್ತು ಆ ಕೈಗಳನ್ನು ನೋಡಲು ಇನ್ನು ಬಹಳ ವರ್ಷಗಳ ಅವಕಾಶವಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ‘ಯಾರೋ ಹೆಚ್ಚು ಚಾವಿ ಕೊಟ್ಟರು, ಅದಕ್ಕೇ ನಿಂತಿತು’ ಎಂದು ಮನೆಮನೆಯಲ್ಲಿ ಹೇಳುತ್ತಾರೆ. ಸುರುಳಿ ಪೂರ್ತಿ ಸುತ್ತಿಕೊಂಡ ಮೇಲೆ ಚಾವಿ ತಾನಾಗಿ ನಿಲ್ಲುತ್ತದೆ. ಪೂರ್ತಿ ಸುತ್ತಿಕೊಂಡಿರುವುದು ದೋಷವಲ್ಲ. ಸುರುಳಿ ಬಿಗಿಯಾಗಿದ್ದೂ ಗಡಿಯಾರ ನಡೆಯದಿದ್ದರೆ ಶಕ್ತಿ ಇದೆ, ಆದರೆ ಲೋಲಕದವರೆಗೆ ತಲುಪುತ್ತಿಲ್ಲ ಎಂದರ್ಥ. ಕಾಲುವೆಯಲ್ಲಿ ನೀರಿದ್ದೂ ಹೊಲಕ್ಕೆ ಬಾರದಿದ್ದರೆ ರೈತನು ಬಾವಿಯನ್ನು ದೂರುವುದಿಲ್ಲ. ಕಾಲುವೆಯುದ್ದಕ್ಕೂ ನಡೆದು ಎಲ್ಲಿ ಕಟ್ಟಿದೆಯೆಂದು ನೋಡುತ್ತಾನೆ. ವಿದ್ಯಾರ್ಥಿಗಳೂ ಹಾಗೆಯೇ ಸುರುಳಿಯಿಂದ ಹೊರಟು ಒಂದೊಂದು ಗಾಲಿಯನ್ನು ಕಣ್ಣಿನಿಂದ ಹಿಂಬಾಲಿಸಬೇಕು. ಕೊನೆಯ ಗಾಲಿಯ ಮೇಲೆ ಎರಡು ಕೊಕ್ಕೆಗಳ ಒಂದು ಭಾಗ ಅತ್ತಿತ್ತ ತೂಗುತ್ತ ಒಂದೊಂದೇ ಹಲ್ಲನ್ನು ತಡೆದು ಬಿಡುತ್ತಿರುತ್ತದೆ. ಕಸುಬಿನವರು ಇದನ್ನು ಎಸ್ಕೇಪ್‌ಮೆಂಟ್ ಎನ್ನುತ್ತಾರೆ. ಟಿಕ್ ಟಿಕ್ ಸದ್ದು ಹುಟ್ಟುವುದು ಇಲ್ಲಿಯೇ.

ಶುಚಿ ಮತ್ತು ಎಣ್ಣೆ

ಬಹಳಷ್ಟು ಹಳೆಯ ಗಡಿಯಾರಗಳು ನಿಂತಿರುವುದು ಮುರಿದಿರುವುದರಿಂದಲ್ಲ, ಧೂಳು ಮತ್ತು ಒಣಗಿದ ಎಣ್ಣೆಯಿಂದ. ಜೋಳ, ತೊಗರಿ ರಾಶಿಯ ಕಾಲದ ಸೂಕ್ಷ್ಮ ಧೂಳು ಪೆಟ್ಟಿಗೆಯ ಯಾವ ಸಂದಿಯನ್ನೂ ಬಿಡುವುದಿಲ್ಲ. ಜೇಡರ ಬಲೆ, ಹಲ್ಲಿಯ ಮೊಟ್ಟೆ, ಕುಂಬಾರ ಹುಳುವಿನ ಮಣ್ಣಿನ ಗೂಡು ಒಳಗೆ ಕಂಡರೆ ಆಶ್ಚರ್ಯಪಡಬೇಕಾಗಿಲ್ಲ. ಒಂದು ಗೂಡು ಲೋಲಕದ ದಾರಿಗೆ ಅಡ್ಡ ಬಂದರೆ ಗಡಿಯಾರ ನಿಲ್ಲಲು ಅಷ್ಟೇ ಸಾಕು.

ಮೆತ್ತನೆಯ ಒಣ ಕುಂಚದಿಂದ ಧೂಳು ತೆಗೆಯಬೇಕು. ಗಾಲಿಯ ಅಚ್ಚಿನ ತುದಿಗಳು ಹಲಗೆಯ ರಂಧ್ರಗಳಲ್ಲಿ ಕೂರುವ ಜಾಗದಲ್ಲಿ ಕಪ್ಪು ಜಿಡ್ಡು ಕಟ್ಟಿರುತ್ತದೆ. ಅದನ್ನು ಮೊನೆ ಮಾಡಿದ ಕಟ್ಟಿಗೆಯ ಕಡ್ಡಿಯಿಂದ ಬಿಡಿಸಬೇಕು. ಸೀಮೆಎಣ್ಣೆ, ಪೆಟ್ರೋಲುಗಳನ್ನು ತರಗತಿಗೆ ತರಬಾರದು. ಕಾಗದದ ಮುಖವಾಗಿದ್ದರೆ ನೀರು ತಗಲಬಾರದು. ಒದ್ದೆ ಬಟ್ಟೆ ಒಮ್ಮೆ ಆಡಿತೆಂದರೆ ಅಂಕಿಗಳು ಉಳಿಯುವುದಿಲ್ಲ. ಹಿತ್ತಾಳೆಯನ್ನು ಹುಣಿಸೆಹಣ್ಣಿನಿಂದ ತಿಕ್ಕಿ ಥಳಥಳಿಸುವ ಆಸೆ ಮಕ್ಕಳಿಗೆ ಬಂದೇ ಬರುತ್ತದೆ. ದೇವರಮನೆಯ ತಂಬಿಗೆಗೆ ಒಪ್ಪುವ ಆ ಉಪಾಯ ಇಲ್ಲಿ ಒಪ್ಪದು: ಹುಳಿ ರಂಧ್ರಗಳಲ್ಲಿ ಉಳಿದು ಉಕ್ಕಿನ ಅಚ್ಚುಗಳಿಗೆ ತುಕ್ಕು ಹಿಡಿಸುತ್ತದೆ.

ಎಣ್ಣೆಯ ವಿಷಯದಲ್ಲಿ ಕೈ ಬಿಗಿಯಾಗಿರಬೇಕು. ಗಡಿಯಾರದ ಎಣ್ಣೆಯನ್ನೇ ರಿಪೇರಿಯವರಿಂದ ಪಡೆದು, ಸೂಜಿಯ ತುದಿಯಲ್ಲಿ ನಿಲ್ಲುವಷ್ಟು ಹನಿಯನ್ನು ಅಚ್ಚಿನ ರಂಧ್ರಗಳಿಗೆ ಮಾತ್ರ ಮುಟ್ಟಿಸಬೇಕು. ಗಾಲಿಯ ಹಲ್ಲುಗಳಿಗೆ ಎಣ್ಣೆ ಬೇಡ. ಅಲ್ಲಿ ಎಣ್ಣೆಗೆ ಧೂಳು ಅಂಟಿ, ಹಲ್ಲನ್ನು ಸವೆಸುವ ಅರದಂತೆ ಕೆಲಸ ಮಾಡುತ್ತದೆ. ಅಡುಗೆಯ ಎಣ್ಣೆ ಕೆಲವೇ ತಿಂಗಳಲ್ಲಿ ಗೋಂದಾಗುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಹೆಪ್ಪುಗಟ್ಟುವಂಥದ್ದು. ಡಿಸೆಂಬರಿನ ಬೆಳಗಿನಲ್ಲಿ ಸೀಸೆಯೊಳಗೆ ಬೆಳ್ಳಗಾಗುವ ಅದು ಗಡಿಯಾರದೊಳಗೂ ಹಾಗೆಯೇ ಆಗುತ್ತದೆಂದು ಮಕ್ಕಳೇ ಹೇಳಬಲ್ಲರು.

ಗೋಡೆಗೆ ಏರಿಸುವುದು

ಗಡಿಯಾರ ನೆಟ್ಟಗೆ ಕೂರದಿದ್ದರೆ ನಡೆಯುವುದಿಲ್ಲ. ಗೌಂಡಿಗಳ ತೂಗುಗುಂಡಿನಿಂದ ಗೋಡೆಯ ಮೇಲೆ ನೇರ ಗೆರೆ ಹಾಕಿಸಿ, ಅದಕ್ಕೆ ಹೊಂದಿಸಿ ತೂಗುಹಾಕಬೇಕು. ಬಳಿಕ ಲೋಲಕವನ್ನು ಮೆಲ್ಲಗೆ ನೂಕಿ ಎಲ್ಲರೂ ಕಣ್ಣು ಮುಚ್ಚಿ ಕೇಳಬೇಕು. ಸದ್ದು ‘ಟಿಕ್… ಟಾಕ್… ಟಿಕ್… ಟಾಕ್’ ಎಂದು ಸಮನಾಗಿದೆಯೋ, ‘ಟಿಕ್‌ಟಾಕ್…… ಟಿಕ್‌ಟಾಕ್’ ಎಂದು ಕುಂಟುತ್ತಿದೆಯೋ? ಭಜನೆಯಲ್ಲಿ ತಾಳ ಹಾಕಿ ಬಲ್ಲ ಮಕ್ಕಳು ಇದನ್ನು ಶಿಕ್ಷಕರಿಗಿಂತ ಬೇಗ ಗುರುತಿಸುತ್ತಾರೆ. ಕುಂಟುತ್ತಿದ್ದರೆ ಪೆಟ್ಟಿಗೆಯ ಕೆಳತುದಿಯನ್ನು ಕೂದಲೆಳೆಯಷ್ಟು ಎಡಕ್ಕೋ ಬಲಕ್ಕೋ ಸರಿಸಿ, ಸದ್ದು ಸಮನಾದ ಸ್ಥಳದಲ್ಲಿ ಗೋಡೆಯ ಮೇಲೆ ಪೆನ್ಸಿಲಿನ ಗುರುತು ಮಾಡಬೇಕು. ಎಷ್ಟೋ ಗಡಿಯಾರಗಳ ‘ರೋಗ’ ಈ ಹಂತದಲ್ಲಿಯೇ ವಾಸಿಯಾಗುತ್ತದೆ.

ನಿಮಿಷದ ಮುಳ್ಳನ್ನು ಮುಂದಕ್ಕೆ ಮಾತ್ರ ತಿರುಗಿಸಬೇಕು. ಪ್ರತಿಯೊಂದು ಗಂಟೆಯಲ್ಲಿ ನಿಂತು, ಪೂರ್ತಿ ಹೊಡೆಯಲು ಬಿಟ್ಟು ಮುಂದೆ ಹೋಗಬೇಕು. ಅವಸರದಿಂದ ದಾಟಿಸಿದರೆ ಮುಳ್ಳು ಐದು ತೋರಿಸುವಾಗ ಗಡಿಯಾರ ಎರಡು ಹೊಡೆಯುತ್ತದೆ. ಇಲ್ಲಿ ಗಣಿತದ ಒಂದು ಪ್ರಶ್ನೆಯೂ ಸಿಗುತ್ತದೆ. ಒಂದರಿಂದ ಹನ್ನೆರಡರವರೆಗಿನ ಹೊಡೆತಗಳ ಮೊತ್ತ 78. ಅರ್ಧ ಗಂಟೆಗೊಮ್ಮೆ ಒಂದು ಹೊಡೆತವನ್ನು ಸೇರಿಸಿದರೆ 90, ದಿನಕ್ಕೆ 180. ಎಂಟು ದಿನ ನಡೆಯುವ ಗಡಿಯಾರವು ಒಂದು ಚಾವಿಗೆ 1440 ಸಲ ಹೊಡೆಯುತ್ತದೆ. ಒಂದು ದಿನದ ನಿಮಿಷಗಳೂ ಅಷ್ಟೇ ಇರುವುದು ಕೇವಲ ಕಾಕತಾಳೀಯ. ಆದರೆ ಅದನ್ನು ಮೊದಲು ಕಂಡುಹಿಡಿದ ವಿದ್ಯಾರ್ಥಿಗೆ ಹಾಗೆನಿಸುವುದಿಲ್ಲ.

ಲೋಲಕದ ಲೆಕ್ಕ

ನೆದರ್ಲೆಂಡ್ಸಿನ ಕ್ರಿಶ್ಚಿಯಾನ್ ಹೈಗೆನ್ಸನು 1656ರಲ್ಲಿ ಲೋಲಕದ ಗಡಿಯಾರವನ್ನು ರೂಪಿಸಿದನು. ಲೋಲಕದ ಒಂದು ತೂಗಾಟಕ್ಕೆ ಬೇಕಾಗುವ ಕಾಲವು ಅದರ ಉದ್ದವನ್ನು ಅವಲಂಬಿಸಿದೆ, ಗುಂಡಿನ ತೂಕವನ್ನಲ್ಲ. ಇದನ್ನು ಹೇಳುವುದಕ್ಕಿಂತ ಮಾಡಿಸುವುದು ಲೇಸು. ದಾರಕ್ಕೆ ಕಬ್ಬಿಣದ ನಟ್ಟು ಕಟ್ಟಿ, ಕಟ್ಟಿದ ಜಾಗದಿಂದ ನಟ್ಟಿನ ನಡುವಿನವರೆಗೆ 25 ಸೆಂ.ಮೀ. ಇರುವಂತೆ ತೂಗಿಬಿಡಬೇಕು. ಹೋಗಿ ಬರುವ 20 ತೂಗಾಟಗಳಿಗೆ ಸುಮಾರು 20 ಸೆಕೆಂಡು ಬೇಕಾಗುತ್ತವೆ. ಉದ್ದವನ್ನು 100 ಸೆಂ.ಮೀ. ಮಾಡಿದರೆ ಸುಮಾರು 40 ಸೆಕೆಂಡು. ಉದ್ದ ನಾಲ್ಕು ಪಟ್ಟು ಆದಾಗ ಕಾಲ ಎರಡು ಪಟ್ಟು ಮಾತ್ರ ಆಯಿತೇಕೆ ಎಂಬ ಪ್ರಶ್ನೆ ವರ್ಗಮೂಲದ ಪಾಠಕ್ಕೆ ಒಳ್ಳೆಯ ಬಾಗಿಲು.

ಗಡಿಯಾರ ಹಿಂದೆ ಬಿದ್ದರೆ ಗುಂಡಿನ ಕೆಳಗಿನ ತಿರುಪನ್ನು ತಿರುಗಿಸಿ ಗುಂಡನ್ನು ಮೇಲಕ್ಕೇರಿಸಬೇಕು, ಮುಂದೆ ಓಡಿದರೆ ಇಳಿಸಬೇಕು. ಎಷ್ಟು? 25 ಸೆಂ.ಮೀ. ಲೋಲಕದಲ್ಲಿ 1 ಮಿ.ಮೀ. ಎಂದರೆ ಉದ್ದದ 250ರಲ್ಲಿ ಒಂದು ಪಾಲು. ಕಾಲದಲ್ಲಿ ಆಗುವ ವ್ಯತ್ಯಾಸ ಅದರ ಅರ್ಧ, ಅಂದರೆ 500ರಲ್ಲಿ ಒಂದು ಪಾಲು. ದಿನದ 86,400 ಸೆಕೆಂಡುಗಳಲ್ಲಿ ಇದು ಸುಮಾರು 173 ಸೆಕೆಂಡು, ಹೆಚ್ಚುಕಡಿಮೆ ಮೂರು ನಿಮಿಷ! ಆದುದರಿಂದ ತಿರುಪನ್ನು ಅರ್ಧ ಸುತ್ತಿಗಿಂತ ಹೆಚ್ಚು ತಿರುಗಿಸದೆ, ಒಂದು ಪೂರ್ತಿ ದಿನ ಕಾದು, ವಹಿಯಲ್ಲಿ ಬರೆದು, ಮತ್ತೆ ತಿರುಗಿಸಬೇಕು. ಹದಿನೈದು ದಿನಗಳ ಈ ಕಾಯುವಿಕೆ ಪಾಠದ ಅತ್ಯಂತ ಬೇಸರದ ಭಾಗ. ಅದನ್ನು ತಪ್ಪಿಸಬಾರದು.

ಋತುಮಾನವೂ ಕೈಯಾಡಿಸುತ್ತದೆ. ಲೋಲಕದ ದಂಡ ಉಕ್ಕಿನದಾಗಿದ್ದರೆ ಡಿಸೆಂಬರಿನ 12 ಡಿಗ್ರಿಗೂ ಮೇ ತಿಂಗಳ 42 ಡಿಗ್ರಿಗೂ ನಡುವೆ ಅದು ಹಿಗ್ಗುವ ಪ್ರಮಾಣ ಅತ್ಯಲ್ಪವಾದರೂ, ಗಡಿಯಾರ ದಿನಕ್ಕೆ ಸುಮಾರು 15 ಸೆಕೆಂಡು ಹಿಂದೆ ಬೀಳಲು ಅಷ್ಟು ಸಾಕು. ಕೆಲವು ಗಡಿಯಾರಗಳಿಗೆ ಕಟ್ಟಿಗೆಯ ದಂಡ ಹಾಕಿರುವುದು ಅಗ್ಗವೆಂದು ಮಾತ್ರವಲ್ಲ. ಶಾಖಕ್ಕೆ ಕಟ್ಟಿಗೆ ಉದ್ದಕ್ಕೆ ಹಿಗ್ಗುವುದು ಉಕ್ಕಿಗಿಂತ ಕಡಿಮೆ.

ಬಿಸಿಲಿನೊಡನೆ ಹೋಲಿಕೆ

ಗಡಿಯಾರವನ್ನು ಮೊಬೈಲಿಗೆ ಹೊಂದಿಸಿದರೆ ಕೆಲಸ ಮುಗಿಯುತ್ತದೆ, ಪಾಠ ಮುಗಿಯುವುದಿಲ್ಲ. ಶಾಲೆಯ ಅಂಗಳದಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ, ನೆರಳು ಅತಿ ಚಿಕ್ಕದಾಗುವ ಕ್ಷಣವನ್ನು ದುರಸ್ತಿಯಾದ ಗಡಿಯಾರದಲ್ಲಿ ನೋಡಿಸಬೇಕು. ಹನ್ನೆರಡು ಗಂಟೆಗೆ ಹಾಗಾಗುವುದೆಂದು ಎಲ್ಲರೂ ಹೇಳುತ್ತಾರೆ, ಆಗುವುದಿಲ್ಲ. 1906ರ ಜನವರಿ 1ರಿಂದ ಜಾರಿಗೆ ಬಂದ ಭಾರತೀಯ ಪ್ರಮಾಣ ಸಮಯವು ಎಂಬತ್ತೆರಡೂವರೆ ಡಿಗ್ರಿ ಪೂರ್ವ ರೇಖಾಂಶದ ಸಮಯ. ದೇವಣಿ ಇರುವುದು ಸುಮಾರು 77.1 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ 4 ನಿಮಿಷದಂತೆ ಸುಮಾರು 22 ನಿಮಿಷ ಕೊರತೆ. ಆದ್ದರಿಂದ ದೇವಣಿಯ ಸರಾಸರಿ ನಡುಹಗಲು 12 ಗಂಟೆ 22 ನಿಮಿಷಕ್ಕೆ. ಉಮರಗಾದಲ್ಲಿ ಇನ್ನೂ ಎರಡು ನಿಮಿಷ ತಡ. ಭೂಮಿಯ ಕಕ್ಷೆ ಪೂರ್ತಿ ವೃತ್ತವಲ್ಲದೆ ಇರುವುದರಿಂದಲೂ ಅದರ ಅಕ್ಷ ವಾಲಿರುವುದರಿಂದಲೂ ಈ ವೇಳೆ ವರ್ಷವಿಡೀ ಸರಿದಾಡುತ್ತದೆ: ನವೆಂಬರ್ ಆರಂಭದಲ್ಲಿ ದೇವಣಿಯ ನೆರಳು ಸುಮಾರು 12.05ಕ್ಕೆ, ಫೆಬ್ರುವರಿ ನಡುವಿನಲ್ಲಿ ಸುಮಾರು 12.36ಕ್ಕೆ ಅತಿ ಚಿಕ್ಕದಾಗುತ್ತದೆ. ನವೆಂಬರಿನಲ್ಲಿ ಒಮ್ಮೆ, ಫೆಬ್ರುವರಿಯಲ್ಲಿ ಒಮ್ಮೆ ನೋಡಿಸಿದರೆ ಅರ್ಧ ಗಂಟೆಯ ಈ ವ್ಯತ್ಯಾಸವನ್ನು ವಿದ್ಯಾರ್ಥಿಗಳು ತಾವೇ ಹಿಡಿಯುತ್ತಾರೆ.

ಭಾಷಾ ತಾಸಿಕೆಗೆ

ಕನ್ನಡದ ‘ಗಂಟೆ’ ಎಂದರೆ ಬಾರಿಸುವ ಗಂಟೆಯೂ ಹೌದು, ಅರವತ್ತು ನಿಮಿಷವೂ ಹೌದು. ನಮ್ಮ ಭಾಗದ ಮಾತಿನಲ್ಲಿಯೂ ಮರಾಠಿಯಲ್ಲಿಯೂ ಬಳಕೆಯಲ್ಲಿರುವ ‘ತಾಸು’ ಪದದ ಹಿಂದೆ ಹೊತ್ತು ಸಾರಲು ಬಾರಿಸುತ್ತಿದ್ದ ಲೋಹದ ತಟ್ಟೆ ಇದೆ. ಗಡಿಯಾರ, ಘಡ್ಯಾಳ ಎರಡರ ಬೇರು ‘ಘಟಿಕಾ’; ತಳದಲ್ಲಿ ಸಣ್ಣ ರಂಧ್ರವಿದ್ದ ಬಟ್ಟಲು ನೀರಿನ ಮೇಲೆ ತೇಲಿ, ತುಂಬಿ, ಮುಳುಗುವಷ್ಟು ಕಾಲ 24 ನಿಮಿಷದ ಒಂದು ಘಳಿಗೆ; ದಿನಕ್ಕೆ ಅಂತಹವು ಅರವತ್ತು. ಇಂಗ್ಲಿಷಿನ ‘ಕ್ಲಾಕ್’ ಎಂಬ ಪದಕ್ಕೂ ಮೂಲದಲ್ಲಿ ಗಂಟೆ ಎಂದೇ ಅರ್ಥ. ಜನರು ಹೊತ್ತನ್ನು ಕಣ್ಣಿನಿಂದ ನೋಡುವುದಕ್ಕಿಂತ ಮೊದಲು ಕಿವಿಯಿಂದ ಕೇಳುತ್ತಿದ್ದರೆಂಬುದನ್ನು ಮೂರು ಭಾಷೆಗಳೂ ನೆನಪಿಟ್ಟಿವೆ. ಉದಗೀರದಿಂದ ಬೀದರಕ್ಕೆ ಶೈಕ್ಷಣಿಕ ಪ್ರವಾಸ ಹೋಗುವವರು ಊರ ನಡುವೆ ನಾಲ್ಕು ದಾರಿ ಕೂಡುವಲ್ಲಿ ನಿಂತಿರುವ ಚೌಬಾರಾ ಎಂಬ ದುಂಡುಗೋಪುರವನ್ನು ತೋರಿಸಬಹುದು. ಕಾವಲಿಗಾಗಿ ಕಟ್ಟಿದ ಅದರ ನೆತ್ತಿಗೆ ಗಡಿಯಾರ ಸೇರಿದ್ದು ಆಮೇಲೆ.

ಹೊಸ ಯಂತ್ರ ಹಾಕಿಸಬಹುದೇ?

ಹಳೆಯ ಯಂತ್ರವನ್ನು ತೆಗೆದುಹಾಕಿ, ಅದೇ ಪೆಟ್ಟಿಗೆಯಲ್ಲಿ ಬ್ಯಾಟರಿಯ ಯಂತ್ರ ಕೂರಿಸಿಕೊಡುತ್ತೇವೆಂದು ಪೇಟೆಯಲ್ಲಿ ಹೇಳುವವರುಂಟು. ಬೆಲೆ ಕಡಿಮೆ, ಸಮಯವೂ ಹೆಚ್ಚು ನಿಖರ. ಬ್ಯಾಟರಿ ಗಡಿಯಾರದ ಸ್ಫಟಿಕವು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಎರಡನ್ನು ಹದಿನೈದು ಸಲ ಗುಣಿಸಿದರೆ ಇದೇ ಸಂಖ್ಯೆ. ಹದಿನೈದು ಸಲ ಅರ್ಧ ಮಾಡುತ್ತ ಬಂದರೆ ಸೆಕೆಂಡಿಗೆ ಒಂದು ಎಣಿಕೆ ಉಳಿಯುತ್ತದೆ. ಇದೂ ಸುಂದರವಾದ ಪಾಠವೇ. ಆದರೆ ಅದನ್ನು ಕಣ್ಣಿನಿಂದ ಹಿಂಬಾಲಿಸಲಾಗದು, ಬೆರಳಿನಿಂದ ತೋರಿಸಲಾಗದು. ಹಳೆಯ ಯಂತ್ರವಾದರೋ ಕಾರಣ ಮತ್ತು ಕಾರ್ಯಗಳನ್ನು ತೆರೆದಿಟ್ಟ ಪುಸ್ತಕ. ತೆಗೆದುಹಾಕಿದ ಆ ಯಂತ್ರ ನೇರವಾಗಿ ಭಂಗಾರದ ಗಾಡಿಗೇ ಹೋಗುತ್ತದೆ. ಗೋಡೆಯ ಮೇಲೆ ಉಳಿಯುವುದು ಗಡಿಯಾರದ ಪೆಟ್ಟಿಗೆ. ಶಾಲೆಯ ಮಟ್ಟಿಗೆ, ನಡೆಯದ ಹಳೆಯ ಯಂತ್ರವೇ ನಡೆಯುವ ಹೊಸ ಯಂತ್ರಕ್ಕಿಂತ ಉಪಯುಕ್ತ.

ಮೇಲಿನದೆಲ್ಲವನ್ನೂ ಮಾಡಿಯೂ ಗಡಿಯಾರ ನಡೆಯದೇ ಇರಬಹುದು. ಅಚ್ಚಿನ ರಂಧ್ರ ಸವೆದು ಅಗಲವಾಗಿದ್ದರೆ, ಸುರುಳಿ ತುಂಡಾಗಿದ್ದರೆ, ಹಲ್ಲು ಮುರಿದಿದ್ದರೆ ಅದು ಕಸುಬಿನವರ ಕೆಲಸ. ಅಲ್ಲಿಗೆ ಕಳುಹಿಸುವಾಗ ‘ನಡೆಯುತ್ತಿಲ್ಲ’ ಎಂದು ಮಾತ್ರ ಹೇಳದೆ, ಎಷ್ಟನೆಯ ಗಾಲಿಯವರೆಗೆ ಬಲ ತಲುಪುತ್ತಿದೆ, ಎಲ್ಲಿ ನಿಲ್ಲುತ್ತಿದೆ ಎಂದು ವಿದ್ಯಾರ್ಥಿಗಳು ಬರೆದು ಕೊಡಬೇಕು. ಮೌಲ್ಯಮಾಪನಕ್ಕೆ ಈ ಬರಹವನ್ನೇ ಆಧಾರವಾಗಿ ಇಟ್ಟುಕೊಳ್ಳಬೇಕು. ಗಡಿಯಾರ ನಡೆಯಿತೇ ಇಲ್ಲವೇ ಎಂಬುದಕ್ಕೆ ಅಂಕವಿಲ್ಲ.

ನಡೆದರೆ, ಪೆಟ್ಟಿಗೆಯ ಬಾಗಿಲ ಒಳಬದಿಗೆ ಒಂದು ಚೀಟಿ ಅಂಟಿಸಬೇಕು: ಯಾವ ದಿನ ಶುಚಿ ಮಾಡಲಾಯಿತು, ಎಲ್ಲಿಗೆ ಎಣ್ಣೆ ಕೊಡಲಾಯಿತು, ಯಾವುದನ್ನು ಮುಟ್ಟದೆ ಬಿಡಲಾಯಿತು. ಮುಂದೆ ಬಿಚ್ಚುವವರಿಗೆ ಇದು ಬೇಕಾಗುತ್ತದೆ. ವಾರಕ್ಕೊಮ್ಮೆ, ಊರ ಸಂತೆಯ ದಿನ, ಇಬ್ಬರು ವಿದ್ಯಾರ್ಥಿಗಳು ಸರದಿಯ ಮೇಲೆ ಎರಡೂ ರಂಧ್ರಗಳಿಗೆ ಚಾವಿ ಕೊಡಲಿ. ಬೇಸಿಗೆಯ ರಜೆಗೆ ಮುಂಚಿನ ವಾರ ಚಾವಿ ಕೊಡದೆ ಗಡಿಯಾರ ತಾನಾಗಿ ನಿಲ್ಲಲು ಬಿಡಬೇಕು. ನಿಂತ ಮೇಲೆ ಲೋಲಕವನ್ನು ಕಳಚಿ, ಬಟ್ಟೆಯಲ್ಲಿ ಸುತ್ತಿ, ಚಾವಿಯೊಂದಿಗೆ ಪೆಟ್ಟಿಗೆಯ ತಳದಲ್ಲಿ ಇಡಬೇಕು.